ಎಂಜಿನ್ ಬಿಚ್ಚಿಸುವ ಮುನ್ನ ರೇಡಿಯೇಟರ್ ನೀರು ನೋಡಿ

ಪ್ರಶ್ನೆ: ನಮ್ಮದು 1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಊರೊಳಗೆ ಓಡಾಡುವಾಗ ತೊಂದರೆ ಇಲ್ಲ. ಚಳ್ಳಕೆರೆಗೆ ಹೊರಟರೆ ತಳಕು ಬರುವಷ್ಟರಲ್ಲಿ ಹೀಟ್ ಮುಳ್ಳು ಮೇಲೇರಿಬಿಡುತ್ತದೆ. ನಿಲ್ಲಿಸಿದರೆ ಎಂಜಿನ್ ತಣ್ಣಗಾಗುವ ತನಕ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಮನೆಯಲ್ಲೇ ಏನಾದರೂ ಮಾಡಬಹುದೇ?
– ಓದುಗರೊಬ್ಬರು, ಮೊಳಕಾಲ್ಮೂರು

ಉತ್ತರ: ಖಂಡಿತ ಮಾಡಬಹುದು. ಎಂಜಿನ್ ಬಿಚ್ಚಿಸುವ ಮಾತು ಈಗಲೇ ಬೇಡ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ರೇಡಿಯೇಟರ್ ಫ್ಯಾನ್ ಕೆಟ್ಟಿದ್ದರೆ ಗಾಡಿ ನಿಂತಲ್ಲಿ, ಸಂತೆಬೀದಿಯಲ್ಲಿ ಬಿಸಿಯಾಗುತ್ತದೆ. ಹೈವೇಯಲ್ಲಿ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಿಮ್ಮದು ಓಡುವಾಗಲೇ ಕಾಯುತ್ತಿದೆ. ಅಂದರೆ ರೇಡಿಯೇಟರಿನೊಳಗೆ ನೀರು ಸರಾಗವಾಗಿ ಹರಿಯುತ್ತಿಲ್ಲ ಎಂಬ ಅನುಮಾನವೇ ಮೊದಲು ಬರಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಮುಖ್ಯ ಕಾರಣ ಬೋರ್‌ವೆಲ್ ನೀರು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಆಳದಿಂದ ಎತ್ತುವ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕಾಯಿಸಿದಾಗ ಅವು ನೀರಿನಿಂದ ಬೇರ್ಪಟ್ಟು ಗಟ್ಟಿ ಪದರವಾಗುತ್ತವೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಕ್ಕಳೆ ಶಾಖವನ್ನು ಹೊರಗೆ ಬಿಡುವುದಿಲ್ಲ, ನೀರನ್ನೂ ಹರಿಯಗೊಡುವುದಿಲ್ಲ.

ಈಗ ಪರೀಕ್ಷೆಗೆ ಬನ್ನಿ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿ ಇರುವಾಗ ಮಾತ್ರ ಮುಟ್ಟಲೇಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ತಕ್ಷಣ ಉಕ್ಕಿ ಮುಖ ಸುಡುತ್ತದೆ. ನೀರು ಕಡಿಮೆ ಇದ್ದರೆ ಹೋಸ್ ಪೈಪು, ವಾಟರ್ ಪಂಪ್‌ಗಳಲ್ಲಿ ಸೋರಿಕೆ ಹುಡುಕಿ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿ, ಬಾಯಿಯ ಸುತ್ತ ಬಿಳಿ ಪುಡಿ ಕಂಡರೆ ನಮ್ಮ ಅನುಮಾನ ನಿಜ.

ಮುಚ್ಚಳ ತೆಗೆದಂತೆಯೇ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ನೋಡಿ. ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗ್ಯಾರೇಜಿನವರ ಮಾತು ಸರಿ. ಈ 796 ಸಿಸಿ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂನದು; ಅತಿಯಾಗಿ ಕಾದರೆ ಬಾಗುತ್ತದೆ, ಫೇಸಿಂಗ್ ಮಾಡಿಸಬೇಕಾಗುತ್ತದೆ. ಹಾಗಾಗಿ ಮುಳ್ಳು ಕೆಂಪಿಗೆ ಬಂದ ಮೇಲೆ ‘ಇನ್ನೊಂದು ಊರು’ ಎಂದು ಓಡಿಸಬೇಡಿ.

ಈ ಲಕ್ಷಣಗಳಿಲ್ಲದಿದ್ದರೆ ಥರ್ಮೋಸ್ಟಾಟ್ ವಾಲ್ವ್ ಬಿಚ್ಚಿ, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ. ನೀರು ಕುದಿಯಲು ಬರುವ ಮೊದಲೇ ಅದು ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ. ಬಿಸಿಲು ನಾಡಿಗೆ ಅದು ಬೇಡವೆಂದು ಕಿತ್ತೆಸೆಯುವ ರೂಢಿ ಇದೆ. ಅದು ತಪ್ಪು. ವಾಲ್ವ್ ಇಲ್ಲದ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ರೇಡಿಯೇಟರಿನ ಹೊರಮೈಯನ್ನೂ ನೋಡಿ. ರಸ್ತೆಯ ಮೇಲೆ ಒಕ್ಕಣೆ ಮಾಡುವ ಕಾಲದಲ್ಲಿ ಹೊಟ್ಟು, ಧೂಳು ಹೋಗಿ ಜಾಲರಿಯಲ್ಲಿ ಕೂರುತ್ತವೆ. ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಹೊಡೆದರೆ ಜಾಲರಿ ಮಡಚಿಕೊಳ್ಳುತ್ತದೆ.

ಇನ್ನು ಒಳಗಿನ ತೊಳೆತ. ಹಳೆಯ ನೀರು ಪೂರ್ತಿ ಇಳಿಸಿ, ಶುದ್ಧ ನೀರು ತುಂಬಿ, ಎಂಜಿನ್ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಇಳಿಸಿ. ತಿಳಿನೀರು ಬರುವ ತನಕ ಹೀಗೆ ಮಾಡಿ. ಕೊನೆಯಲ್ಲಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ತುಂಬಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ, ನಿಜ. ಆದರೆ ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಇಳಿಸಿದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಕರು, ಮಕ್ಕಳು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಇಷ್ಟಾದ ಮೇಲೂ ಕಾದರೆ ರೇಡಿಯೇಟರ್ ಕೆಲಸದವರ ಬಳಿ ಒಯ್ಯಿರಿ. ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಅದು ಬಹಳ ಕಡಿಮೆ.

ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ ಬಹುಮಟ್ಟಿಗೆ ಈ ಶಾಖವೇ ಕಾರಣ. ನಿಂತ ಎಂಜಿನ್ನಿನ ಕಾವಿಗೆ ಪಂಪು, ಕಾರ್ಬ್ಯುರೇಟರಿನಲ್ಲಿರುವ ಪೆಟ್ರೋಲ್ ಆವಿಯಾಗುತ್ತದೆ. ಫ್ಯೂಯಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ಆಗ ಸ್ಟಾರ್ಟ್ ಆದರೆ ದೋಷ ಪೆಟ್ರೋಲ್ ದಾರಿಯದು. ಆಗದಿದ್ದರೆ ಪ್ಲಗ್ಗಿನ ಕಿಡಿ, ಇಗ್ನಿಷನ್ ಕಾಯಿಲ್ ಪರೀಕ್ಷಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗಿವೆಯೇ, ಬಿರುಕು ಬಿಟ್ಟಿವೆಯೇ ಎಂದೂ ನೋಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಗೇ ಬೆಂಕಿ.

1983ರಿಂದ 2014ರವರೆಗೆ ತಯಾರಾದ ಈ ಕಾರಿನ ರಿಪೇರಿ ಬಲ್ಲವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಗಾಡಿಯನ್ನು ಗುಜರಿಗೆ ಹಾಕುವ ಯೋಚನೆ ಬೇಡ. ದಾರಿಯಲ್ಲಿ ನೀರು ಕಡಿಮೆಯಾದರೂ ಬೋರ್ ನೀರು ಮಾತ್ರ ಸುರಿಯಬೇಡಿ. ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತುಂಬಿಸಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.