ಹಸಿರು ಕೆರೆಯೂ ಓಜೋನ್ ಅನಿಲವೂ

ಬಾದಾಮಿಯ ಅಗಸ್ತ್ಯತೀರ್ಥದ ನೀರು ಹಸಿರಾಗಿ ಕಾಣುವುದನ್ನು ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ನಿಂತ ನೀರಿಗೆ ಇಂಥ ಬಣ್ಣ ಬರುವುದು ಸಾಮಾನ್ಯವಾಗಿ ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿಗಳಿಂದ. ಬಿಸಿಲು, ಬೆಚ್ಚನೆಯ ನೀರು, ಸಾರಜನಕ ಮತ್ತು ರಂಜಕದ ಲವಣಗಳು ಒಟ್ಟಿಗೆ ಒದಗಿದರೆ ಪಾಚಿಯು ಕೆಲವೇ ದಿನಗಳಲ್ಲಿ ಕೆರೆಯನ್ನು ಆವರಿಸುತ್ತದೆ. ಅಣೆಕಟ್ಟಿನ ಹಿನ್ನೀರಿಗೂ ಈ ನಿಯಮವೇ ಅನ್ವಯಿಸುತ್ತದೆ. ಆಲಮಟ್ಟಿಯ ಹಿನ್ನೀರಿನ ದೆಸೆಯಿಂದಲೇ ಹುಟ್ಟಿದ ನವನಗರದಲ್ಲಿ ವಾಸಿಸುವ ನಾವು ಇದನ್ನು ಅರಿತಿರುವುದು ಒಳ್ಳೆಯದು.

ಪಾಚಿ ಹಬ್ಬಿದರೆ ಹಾನಿಯೇನು? ಹಗಲು ಆಮ್ಲಜನಕವನ್ನು ಬಿಡುವ ಪಾಚಿಯು ರಾತ್ರಿ ಅದನ್ನೇ ಹೀರುತ್ತದೆ. ಅದು ಸತ್ತು ಕೊಳೆಯುವಾಗ ಇನ್ನಷ್ಟು ಆಮ್ಲಜನಕ ವ್ಯಯವಾಗಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯಂತೂ ಯಕೃತ್ತನ್ನು ಕೆಡಿಸುವ ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ತನ್ನ ಜೀವಕೋಶದೊಳಗೆ ತಯಾರಿಸಬಲ್ಲದು. ನೀರನ್ನು ಕುದಿಸಿದ ಮಾತ್ರಕ್ಕೆ ಈ ವಿಷ ನಾಶವಾಗದು.

ಇದಕ್ಕೆ ಮದ್ದಾಗಿ ಓಜೋನಿನ ಹೆಸರು ಕೇಳಿಬರುತ್ತದೆ. ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳುಂಟು, ಓಜೋನಿನಲ್ಲಿ ಮೂರು. ಒಣಗಿಸಿದ ಗಾಳಿಯನ್ನು ಹಲವು ಸಾವಿರ ವೋಲ್ಟ್ ವಿದ್ಯುತ್ತಿನ ವಿಸರ್ಜನೆಯ ನಡುವೆ ಹಾಯಿಸಿ ಅದನ್ನು ಪಡೆಯುತ್ತಾರೆ. ಈ ಕೆಲಸಕ್ಕೆ ಬೇಕಾದ ನಳಿಕೆಯನ್ನು 1857ರಲ್ಲಿ ಜರ್ಮನಿಯ ಸೀಮೆನ್ಸ್ ರಚಿಸಿದನು. ಮೂರನೆಯ ಪರಮಾಣು ಸುಲಭವಾಗಿ ಬೇರ್ಪಟ್ಟು ಎದುರಿಗೆ ಸಿಕ್ಕ ವಸ್ತುವನ್ನು ಉತ್ಕರ್ಷಿಸುತ್ತದೆ. ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದ ಕುಡಿಯುವ ನೀರಿನ ಶುದ್ಧೀಕರಣಕ್ಕೆ ಓಜೋನನ್ನು ಬಳಸತೊಡಗಿದರು.

ಹಾಗಾದರೆ ಕೆರೆಗೇ ಓಜೋನನ್ನು ಹಾಯಿಸಬಾರದೇಕೆ? ಲೆಕ್ಕ ಹಾಕಿ ನೋಡೋಣ. ಒಂದು ಹೆಕ್ಟೇರ್ ವಿಸ್ತಾರದ, ಎರಡು ಮೀಟರ್ ಆಳದ ಕೆರೆಯಲ್ಲಿ 2 ಕೋಟಿ ಲೀಟರ್ ನೀರಿರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಎಂದರೂ 40 ಕಿಲೋಗ್ರಾಂ ಓಜೋನ್ ಬೇಕು. ಕಿಲೋಗ್ರಾಮಿಗೆ 15 ಯೂನಿಟ್ ಎಂದು ಹಿಡಿದರೆ 600 ಯೂನಿಟ್ ವಿದ್ಯುತ್ತು ತಗಲುತ್ತದೆ. ನೀರಿನಲ್ಲಿ ಕರಗಿದ ಓಜೋನ್ ಸುಮಾರು 20 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ ಎನ್ನೋಣ. ಎರಡು ಗಂಟೆಗಳಲ್ಲಿ ಆರು ಬಾರಿ ಅರ್ಧವಾಗಿ, ಉಳಿಯುವುದು ಅರುವತ್ತನಾಲ್ಕನೆಯ ಒಂದು ಪಾಲು ಮಾತ್ರ. ಕೊಳೆ ತುಂಬಿದ ಕೆರೆಯಲ್ಲಿ ಅದು ಇನ್ನೂ ಬೇಗ ತೀರಿಹೋಗುತ್ತದೆ. ರಂಜಕವಾದರೋ ಅಲ್ಲಿಯೇ ಉಳಿದು ಮುಂದಿನ ಪಾಚಿಗೆ ಆಹಾರವಾಗುತ್ತದೆ.

ಇನ್ನೊಂದು ಅಪಾಯವೂ ಉಂಟು. ಓಜೋನ್ ತಗಲಿದ ಪಾಚಿಯ ಕೋಶ ಒಡೆದು, ಒಳಗಿದ್ದ ವಿಷ ನೀರಿಗೆ ಹರಿಯುತ್ತದೆ. ಓಜೋನ್ ಸಾಕಷ್ಟಿಲ್ಲದಿದ್ದರೆ ಆ ವಿಷ ಹಾಗೆಯೇ ಉಳಿದು ನೀರು ಮೊದಲಿಗಿಂತಲೂ ಕೆಡಬಹುದು. ಆದುದರಿಂದ ಜಲಶುದ್ಧೀಕರಣ ಘಟಕಗಳಲ್ಲಿ ಕ್ರಮವೇ ಮುಖ್ಯ. ಮೊದಲು ಪಾಚಿಯನ್ನು ಇಡಿಯಾಗಿಯೇ ತಳಕ್ಕಿಳಿಸಿ, ಇಲ್ಲವೆ ತೇಲಿಸಿ ತೆಗೆದು, ಸೋಸಬೇಕು; ಬಳಿಕ ಓಜೋನನ್ನು ಹಾಯಿಸಿ ಕರಗಿದ ವಿಷವನ್ನು ನಾಶಮಾಡಬೇಕು. ಓಜೋನ್ ನೀರಿನಲ್ಲಿ ನಿಲ್ಲದ ಕಾರಣ, ಕೊಳವೆಗಳಲ್ಲಿ ನೀರು ಮತ್ತೆ ಕೆಡದಂತೆ ಕೊನೆಗೆ ಕ್ಲೋರಿನನ್ನೂ ಸೇರಿಸಬೇಕು.

ರೋಗದ ಬೇರು ಎಲ್ಲಿದೆ ಎಂಬುದನ್ನು ಕೆನಡ ದೇಶದ ಒಂದು ಪ್ರಯೋಗ ತೋರಿಸಿಕೊಟ್ಟಿತು. 1973ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಅವರ ಸಂಗಡಿಗರು ಒಂದು ಸರೋವರವನ್ನು ಪರದೆಯಿಂದ ಎರಡಾಗಿ ವಿಭಾಗಿಸಿದರು. ಎರಡು ಭಾಗಗಳಿಗೂ ಇಂಗಾಲ ಮತ್ತು ಸಾರಜನಕವನ್ನು ಕೊಟ್ಟು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗ ಮಾತ್ರ ದಟ್ಟ ಹಸಿರಾಯಿತು.

ನಮ್ಮ ಕೆರೆಗಳಿಗೆ ರಂಜಕ ಬರುವುದು ಚರಂಡಿಯ ನೀರು, ಸಾಬೂನಿನ ಪುಡಿ ಮತ್ತು ಹೊಲದ ಗೊಬ್ಬರಗಳಿಂದ. ಕುಡಿಯುವ ನೀರಿಗೆ ಓಜೋನ್ ಒಳ್ಳೆಯ ಕಾವಲುಗಾರ, ನಿಜ. ಆದರೆ ಕೆರೆಯನ್ನು ಕಾಯುವ ಕೆಲಸ ಚರಂಡಿಯ ಬಾಯಿಯಲ್ಲಿಯೇ ಆರಂಭವಾಗಬೇಕು.