ಸಣ್ಣ ಮದರ್‌ಬೋರ್ಡ್, ಸಣ್ಣ ಬಜೆಟ್: ಗೇಮಿಂಗ್ ಪಿಸಿಗೆ ಯಾವುದು ಸರಿ?

ಗೇಮಿಂಗ್ ಪಿಸಿ ಕಟ್ಟೋಣ ಅಂತ ಹೊರಟರೆ ನಮ್ಮೆಲ್ಲರ ಮಾತು ಗ್ರಾಫಿಕ್ಸ್ ಕಾರ್ಡ್ ಸುತ್ತಲೇ ತಿರುಗುತ್ತದೆ. ಮದರ್‌ಬೋರ್ಡ್ ವಿಷಯ ಬಂದಾಗ "ಕಡಿಮೆ ರೇಟಿಂದು ಯಾವ್ದಾದ್ರೂ ಹಾಕಿದ್ರಾಯ್ತು" ಅಂತೀವಿ. ನಾವು ಮೂವರು ರೂಮ್‌ಮೇಟ್‌ಗಳೂ ಹಾಗೇ ಮಾಡಿದ್ವಿ. ತಿಂಗಳುಗಟ್ಟಲೆ ಉಳಿಸಿದ ದುಡ್ಡು ಸೇರಿಸಿ ಪಿಸಿ ಜೋಡಿಸಿದೆವು. ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಲೈಟ್ ಹತ್ತಿತು, ಪರದೆ ಮಾತ್ರ ಕಪ್ಪು! ಯಾವ ಭಾಗವೂ ಕೆಟ್ಟಿರಲಿಲ್ಲ. ಬೋರ್ಡ್ ಆರಿಸುವಾಗ ನಾವು ಒಂದು ವಿಷಯ ನೋಡಿರಲಿಲ್ಲ. ಅದೇನು ಅಂತ ಮುಂದೆ ಹೇಳ್ತೀವಿ. ಮೊದಲು ಆರಿಸುವ ಕ್ರಮ ನೋಡೋಣ. ಉದಾಹರಣೆಗೆ ನಮ್ಮ ಪಿಸಿಯಲ್ಲಿರುವ ರೈಜೆನ್ 5 5600 ಪ್ರೊಸೆಸರನ್ನೇ ತಗೊಳ್ಳೋಣ: 6 ಕೋರ್, 12 ಥ್ರೆಡ್, 65 ವ್ಯಾಟ್.

1. ಅಳತೆ ಎಷ್ಟಿರಬೇಕು?

ಪೂರ್ಣ ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ. ಇರುತ್ತದೆ. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 × 244 ಮಿ.ಮೀ. ಮಿನಿ ಐಟಿಎಕ್ಸ್ 170 × 170 ಮಿ.ಮೀ. ಮಾತ್ರ. ಹಾಸ್ಟೆಲ್ ಟೇಬಲ್ ಮೇಲೆ ಜಾಗ ಕಡಿಮೆ, ಹಾಗಾಗಿ ಎಲ್ಲಕ್ಕಿಂತ ಚಿಕ್ಕದೇ ಇರಲಿ ಅಂತ ಮೊದಲು ಅನ್ನಿಸುತ್ತದೆ. ಆದರೆ ಇಲ್ಲಿ ಚಿಕ್ಕದು ಅಂದರೆ ಅಗ್ಗ ಅಂತಲ್ಲ. ಅಷ್ಟು ಕಡಿಮೆ ಜಾಗದಲ್ಲಿ ಎಲ್ಲಾ ವೈರಿಂಗ್ ಕೂರಿಸಬೇಕು, ಮಾರಾಟವಾಗುವ ಸಂಖ್ಯೆಯೂ ಕಡಿಮೆ. ಹೀಗಾಗಿ ಐಟಿಎಕ್ಸ್ ಬೋರ್ಡ್ ಸಾಮಾನ್ಯವಾಗಿ ದುಬಾರಿ. ಅದಕ್ಕೆ ಹೊಂದುವ ಪುಟ್ಟ ಕ್ಯಾಬಿನೆಟ್‌ಗೆ ಅನೇಕ ಸಲ ಸಣ್ಣ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಬೇಕು, ಅದಕ್ಕೂ ಹೆಚ್ಚು ದುಡ್ಡು. ಮೇಲಾಗಿ ಐಟಿಎಕ್ಸ್‌ನಲ್ಲಿ ಎಕ್ಸ್‌ಪಾನ್ಷನ್ ಸ್ಲಾಟ್ ಒಂದೇ. ಬಜೆಟ್ ಪಿಸಿಗೆ ಮೈಕ್ರೋ ಎಟಿಎಕ್ಸ್ ಸಾಕು ಅನ್ನೋದು ನಮ್ಮ ಅಭಿಪ್ರಾಯ.

2. ಚಿಪ್‌ಸೆಟ್ ಯಾವುದು?

5600 ಕೂರುವುದು ಎಎಂ4 ಸಾಕೆಟ್‌ನಲ್ಲಿ. ಈ ಸಾಕೆಟ್‌ಗೆ ಸಿಗುವ ಅಗ್ಗದ ಚಿಪ್‌ಸೆಟ್‌ಗಳು ಎ520, ಬಿ450, ಬಿ550. ಎ520ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡೋಕಾಗಲ್ಲ. ಎ520, ಬಿ450 ಎರಡರಲ್ಲೂ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 3.0, ಬಿ550ಯಲ್ಲಿ 4.0.

ಇದರಿಂದ ಆಟಕ್ಕೇನು ವ್ಯತ್ಯಾಸ? 16 ಲೇನ್ ಬಳಸುವ ಕಾರ್ಡ್ ಆದರೆ ಹೆಚ್ಚೇನಿಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸೋದು 4 ಲೇನ್ ಮಾತ್ರ, ಅದರ 4 ಜಿಬಿ ಆವೃತ್ತಿಯಲ್ಲಿ ಮೆಮೊರಿಯೂ ಕಡಿಮೆ. ಮೆಮೊರಿ ತುಂಬಿದಾಗ ಅದು ಪಿಸಿಐಇ ದಾರಿಯಲ್ಲಿ ರ್‍ಯಾಮ್ ಕಡೆ ಓಡಾಡಬೇಕು. 3.0 ಬೋರ್ಡ್‌ನಲ್ಲಿ ಆ ದಾರಿ ಅರ್ಧ ಅಗಲ, ಹಾಗಾಗಿ ಆಟ ಮುಗ್ಗರಿಸುತ್ತದೆ. ಅಂದರೆ, ಕಾರ್ಡ್ ಎಷ್ಟು ಲೇನ್ ಬಳಸುತ್ತೆ ಅಂತ ನೋಡಿಕೊಂಡೇ ಬೋರ್ಡ್ ಆರಿಸಬೇಕು.

3. ವಿಆರ್‌ಎಂ: ಇಲ್ಲಿ ನಮ್ಮ ಪಾಠ ಉಪಯೋಗಕ್ಕೆ ಬರುತ್ತೆ

ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಸುಮಾರು 1.2 ವೋಲ್ಟ್‌ಗೆ ಇಳಿಸುವುದು ವಿಆರ್‌ಎಂ ಕೆಲಸ. 5600ಗೆ ಸಾಕೆಟ್ ಪವರ್ ಮಿತಿ 76 ವ್ಯಾಟ್. 76 ÷ 1.2 ಮಾಡಿ: ಸುಮಾರು 63 ಆಂಪಿಯರ್! ಅದೇ 105 ವ್ಯಾಟ್ ಅಂತ ಬರೆದಿರುವ ರೈಜೆನ್ 7 5800ಎಕ್ಸ್‌ಗೆ ಮಿತಿ 142 ವ್ಯಾಟ್, ಕರೆಂಟ್ ಸುಮಾರು 118 ಆಂಪಿಯರ್. ಕರೆಂಟ್ ಎರಡು ಪಟ್ಟೂ ಆಗಲಿಲ್ಲ, ಆದರೆ ಬಿಸಿಯಾಗೋದು I²R ಲೆಕ್ಕದಲ್ಲಿ, ಅಂದರೆ ಸುಮಾರು ಮೂರೂವರೆ ಪಟ್ಟು.

ಕರೆಂಟನ್ನು N ಫೇಸ್‌ಗಳಿಗೆ ಸಮವಾಗಿ ಹಂಚಿದರೆ ಈ ನಷ್ಟ I²R/N ಆಗುತ್ತದೆ. ಫೇಸ್ ಹೆಚ್ಚಿದ್ದರೆ ಬೋರ್ಡ್ ತಣ್ಣಗಿರೋದು ಇದಕ್ಕೇ. 5600ಗೆ ಸಾಧಾರಣ ವಿಆರ್‌ಎಂ ನಡೆಯುತ್ತೆ. ಮುಂದೆ 8 ಕೋರ್‌ನದು ಹಾಕುವ ಯೋಚನೆ ಇದ್ದರೆ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರುವ ಬೋರ್ಡನ್ನೇ ತಗೊಳ್ಳಿ. ಹಾಗಂತ ಪ್ರೊಸೆಸರ್‌ಗಿಂತ ಬೋರ್ಡ್‌ಗೇ ಹೆಚ್ಚು ಸುರಿದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ.

4. ರ್‍ಯಾಮ್ ಮತ್ತು ಉಳಿದವು

ರ್‍ಯಾಮ್ ಸ್ಲಾಟ್ ಎರಡಿದ್ದರೂ ಸಾಕು, ಆದರೆ ಎರಡನ್ನೂ ತುಂಬಿಸಿ. ಡಿಡಿಆರ್4-3200 ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಟಿಕ್ 51.2 ಜಿಬಿ. ಕಾರ್ಡ್ ಇಲ್ಲದೆ 5600ಜಿ ತರಹದ ಪ್ರೊಸೆಸರ್‌ನಲ್ಲೇ ಆಡುವವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಅದರ ಗ್ರಾಫಿಕ್ಸ್ ಬಳಸೋದೂ ಇದೇ ರ್‍ಯಾಮ್. ಎಂ.2 ಸ್ಲಾಟ್ ಎನ್‌ವಿಎಂಇ ತಗೊಳ್ಳುತ್ತಾ ಅಂತ ನೋಡಿ. ಅಗ್ಗದ ಬೋರ್ಡ್‌ಗಳಲ್ಲಿ ಎಷ್ಟೋ ಸಲ ವೈಫೈ ಇರಲ್ಲ. ರೂಮಿಗೆ ಲ್ಯಾನ್ ಕೇಬಲ್ ಬರದಿದ್ದರೆ ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

5. ನಮ್ಮ ಕಪ್ಪು ಪರದೆಯ ಕಥೆ

ನಾವು ತಂದಿದ್ದು ಬಿ450 ಬೋರ್ಡ್. ಈ ಚಿಪ್‌ಸೆಟ್ ಬಂದಿದ್ದು 2018ರಲ್ಲಿ, 5600 ಬಂದಿದ್ದು 2022ರಲ್ಲಿ. ಅಂಗಡಿಯಲ್ಲಿ ಬಹಳ ದಿನ ಕೂತಿದ್ದ ನಮ್ಮ ಬೋರ್ಡ್‌ನ ಹಳೆಯ ಬಯಾಸ್‌ಗೆ ಈ ಪ್ರೊಸೆಸರ್‌ನ ಪರಿಚಯವೇ ಇರಲಿಲ್ಲ. ಅಪ್‌ಡೇಟ್ ಮಾಡೋಣ ಅಂದ್ರೆ ಪಿಸಿ ಆನ್ ಆಗಬೇಕು, ಆನ್ ಆಗಬೇಕಾದ್ರೆ ಅಪ್‌ಡೇಟ್ ಆಗಿರಬೇಕು! ಎರಡು ದಿನ ರ್‍ಯಾಮ್ ತೆಗೆದು ಹಾಕಿ, ಕೇಬಲ್ ಬದಲಾಯಿಸಿ ಸುಸ್ತಾದೆವು.

ಕೊನೆಗೆ ಒಬ್ಬ ಸೀನಿಯರ್ ಅಣ್ಣ ತಮ್ಮ ಹಳೆಯ ರೈಜೆನ್ ಪ್ರೊಸೆಸರ್ ಕೊಟ್ಟರು. "ಕೂಲರನ್ನ ನೇರ ಎಳೀಬೇಡ್ರೋ, ಪೇಸ್ಟ್ ಅಂಟ್ಕೊಂಡು ಪ್ರೊಸೆಸರೂ ಕಿತ್ಕೊಂಡು ಬರುತ್ತೆ. ಮೆಲ್ಲಗೆ ತಿರುಗಿಸಿ ತೆಗೀರಿ" ಅಂದರು. ಎಎಂ4ನಲ್ಲಿ ಪಿನ್‌ಗಳಿರೋದು ಪ್ರೊಸೆಸರ್ ಕೆಳಗೆ; ಬಾಗಿದರೆ ದುಡ್ಡೆಲ್ಲಾ ನೀರುಪಾಲು. ಅವರ ಪ್ರೊಸೆಸರ್ ಹಾಕಿ, ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ಮಾಡಿ, ಮತ್ತೆ ನಮ್ಮದನ್ನು ಕೂರಿಸಿದೆವು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು ಅಂತ ಯುಪಿಎಸ್ ಇದ್ದ ರೂಮಿಗೆ ಹೊತ್ತುಕೊಂಡು ಹೋಗಿದ್ದೆವು. ಪರದೆ ಬೆಳಗಿದಾಗ ಆದ ಸಂತೋಷ ಹೇಳತೀರದು.

ನಮ್ಮ ಪಾಡು ನಿಮಗೆ ಬೇಡ. ಬೋರ್ಡ್ ತಯಾರಕರ ಜಾಲತಾಣದಲ್ಲಿ ಪ್ರೊಸೆಸರ್ ಪಟ್ಟಿ ಇರುತ್ತದೆ; ನಿಮ್ಮದಕ್ಕೆ ಯಾವ ಬಯಾಸ್ ಆವೃತ್ತಿ ಬೇಕು ಅಂತ ಅದರಲ್ಲಿ ನೋಡಿ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ಅದಿಲ್ಲದಿದ್ದರೆ ದುಡ್ಡು ಕೊಡುವ ಮೊದಲೇ ಅಂಗಡಿಯಲ್ಲಿ ಅಪ್‌ಡೇಟ್ ಮಾಡಿಕೊಡ್ತೀರಾ ಅಂತ ಕೇಳಿ.

ಕೊಳ್ಳುವ ಮುನ್ನ ಒಂದು ಚೀಟಿಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ:

• ಕ್ಯಾಬಿನೆಟ್‌ಗೆ ಬೋರ್ಡ್ ಹಿಡಿಯುತ್ತಾ?
• ಸಾಕೆಟ್ ಮತ್ತು ಬಯಾಸ್ ಆವೃತ್ತಿ ಸರಿಯಿದೆಯಾ?
• ಕಾರ್ಡ್ ಎಷ್ಟು ಲೇನ್ ಬಳಸುತ್ತೆ, ಬೋರ್ಡ್ ಯಾವ ಪಿಸಿಐಇ?
• ವಿಆರ್‌ಎಂಗೆ ಹೀಟ್‌ಸಿಂಕ್ ಬೇಕಾ?
• ವೈಫೈ, ಎಂ.2 ಇದೆಯಾ?

ಈ ಐದಕ್ಕೂ ಉತ್ತರ ಸಿಕ್ಕ ಮೇಲೆ ಅಗ್ಗದ ಬೋರ್ಡನ್ನೇ ಧೈರ್ಯವಾಗಿ ತಗೊಳ್ಳಿ. ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಇರಲಿ.