ಟ್ರ್ಯಾಕ್ಟರ್ 'ಟಕ್' ಅಂದು ನಿಂತರೆ ತಪ್ಪು ಯಾರದು?

ನಮ್ಮ ಮಳೆಯಾಶ್ರಿತ ಕೆಂಪು ನೆಲದಲ್ಲಿ ಬಿತ್ತನೆ ಹದ ಅಂದರೆ ಎರಡು ಮೂರು ದಿನದ ಮಾತು. ಚಳ್ಳಕೆರೆ ಕಡೆ ಶೇಂಗಾ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಟ್ರ್ಯಾಕ್ಟರ್ 'ಟಕ್' ಅಂದು ಸುಮ್ಮನಾಯಿತು ಅನ್ನಿ, ಬಾಡಿಗೆ ಟ್ರ್ಯಾಕ್ಟರಿಗೂ ಅವತ್ತೇ ಊರೆಲ್ಲ ಸಾಲು ನಿಂತಿರುತ್ತೆ. ಆಗ ಎಲ್ಲರೂ ಬೈಯೋದು ಬ್ಯಾಟರಿಯನ್ನ. ಆದರೆ ಈ ಕೆಲಸದಲ್ಲಿ ಮೂವರು ಪಾಲುದಾರರಿದ್ದಾರೆ. ಬ್ಯಾಟರಿ ಒಂದು, ಇಂಜಿನ್ ತಿರುಗಿಸುವ ಸೆಲ್ಫ್ ಮೋಟರ್ ಇನ್ನೊಂದು, ಖರ್ಚಾದ ಕರೆಂಟನ್ನು ವಾಪಸ್ ತುಂಬುವ ಆಲ್ಟರ್ನೇಟರ್ (ಹಳೇ ಗಾಡಿಯಾದರೆ ಡೈನಮೋ) ಮೂರನೆಯದು. ತಪ್ಪು ಯಾರದು ಅಂತ ಹಿಡಿಯೋದು ಏಳನೇ ಕ್ಲಾಸು ಓದಿದ ನನ್ನಂಥವನಿಗೂ ಕಷ್ಟವಿಲ್ಲ.

ಬ್ಯಾಟರಿ ಒಳಗೆ

ಹಗೇವಿನಲ್ಲಿ ಜೋಳ ತುಂಬಿದ ಹಾಗೆ ಬ್ಯಾಟರಿಯಲ್ಲಿ ಕರೆಂಟು ತುಂಬಿರುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಳಗಿರೋದು ಸೀಸದ ಪ್ಲೇಟು, ನೀರು ಬೆರೆಸಿದ ಗಂಧಕಾಮ್ಲ, ಇಷ್ಟೇ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಅನ್ನುವವರು ಕಂಡುಹಿಡಿದದ್ದು. ಮೂಲ ಕ್ರಮ ಇವತ್ತಿಗೂ ಅದೇ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಮನೆ. ಒಂದೊಂದು ಮನೆಗೆ 2.1 ವೋಲ್ಟ್, ಒಟ್ಟು 12.6. ಕರೆಂಟು ಕೊಡುವಾಗ ಆಸಿಡ್ಡಿನ ಗಂಧಕದ ಅಂಶ ಎರಡೂ ಕಡೆಯ ಪ್ಲೇಟಿಗೆ ಹತ್ತಿಕೊಳ್ಳುತ್ತೆ, ಆಸಿಡ್ ನೀರು ನೀರಾಗುತ್ತೆ. ಚಾರ್ಜ್ ಮಾಡಿದಾಗ ಅದು ಪ್ಲೇಟು ಬಿಟ್ಟು ವಾಪಸ್ ಆಸಿಡ್ಡಿಗೆ ಬರುತ್ತೆ. ಹೈಡ್ರೋಮೀಟರ್ ಅದ್ದಿ ನೋಡುವುದು ಇದನ್ನೇ. ತುಂಬಿದ ಬ್ಯಾಟರಿಯಲ್ಲಿ 1.240ರಿಂದ 1.280 ತೋರಿಸುತ್ತೆ, ಪೂರ್ತಿ ಇಳಿದದ್ದರಲ್ಲಿ 1.120ರ ಹತ್ತಿರ.

ಈಗ ಒಂದು ಮುಖ್ಯ ವಿಷಯ. ಇಳಿದ ಬ್ಯಾಟರಿಯನ್ನು ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿಗೆ ಹತ್ತಿದ್ದು ಹರಳುಗಟ್ಟಿ ಗಟ್ಟಿಯಾಗುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬಿಡಲ್ಲ. ನೀರಾವರಿಯವರ ಟ್ರ್ಯಾಕ್ಟರ್ ವರ್ಷವಿಡೀ ಓಡುತ್ತೆ. ನಮ್ಮದು ಬಿತ್ತನೆ, ಒಕ್ಕಣೆ ಮುಗಿದ ಮೇಲೆ ಹುಣಸೆ ಮರದಡಿ ನಿಂತಿರುತ್ತೆ. ಸುಮ್ಮನೆ ನಿಂತರೂ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತೆ, ಬೇಸಿಗೆಯಲ್ಲಂತೂ ಇನ್ನೂ ಜೋರು. ಒಣಬೇಸಾಯದವರ ಬ್ಯಾಟರಿ ಸಾಯೋದು ದುಡಿದು ಅಲ್ಲ, ಕೂತು. ಗಾಡಿ ನಿಲ್ಲಿಸುವ ಕಾಲದಲ್ಲಿ ಅರ್ಥ್ ವೈರ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ವೋಲ್ಟ್ ನೋಡಿ, 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ.

ನೀರಿನ ವಿಚಾರ. ಬಿಸಿಲಿಗೆ, ಚಾರ್ಜಿಗೆ ಕಮ್ಮಿಯಾಗೋದು ನೀರು ಮಾತ್ರ, ಆಸಿಡ್ ಆವಿಯಾಗಲ್ಲ. ಅದಕ್ಕೇ ಆಸಿಡ್ ಹಾಕಬಾರದು, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್ ನೀರಿನ ಉಪ್ಪು ಕೊಡದ ಒಳಗೆ ಕಟ್ಟೋದನ್ನ ದಿನಾ ನೋಡ್ತೀವಿ, ಅದನ್ನೇ ಬ್ಯಾಟರಿಗೆ ಸುರಿದರೆ ಪ್ಲೇಟಿನ ಗತಿ ಏನು? ಪ್ಲೇಟು ಮುಳುಗಿ ಮೇಲೆ ಸ್ವಲ್ಪ ನಿಂತರೆ ಸಾಕು. ಕತ್ತಿನವರೆಗೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಪೆಟ್ಟಿಗೆ ತಿನ್ನುತ್ತೆ. ನೀರು ನೋಡುವಾಗ ಬೀಡಿ ದೂರ ಇರಲಿ. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಗಾಳಿಗೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತೆ.

ಸೆಲ್ಫ್ ಆಡುವ ಮಾತು

ಕೀ ತಿರುಗಿಸಿದಾಗ ಸಣ್ಣ ವೈರಿನಲ್ಲಿ ಸ್ವಲ್ಪ ಕರೆಂಟು ಹೋಗಿ ಸೊಲೆನಾಯ್ಡನ್ನು ಎಬ್ಬಿಸುತ್ತೆ. ಅದು ಸಣ್ಣ ಹಲ್ಲುಗಾಲಿಯನ್ನು ತಳ್ಳಿ ಫ್ಲೈವೀಲಿನ ಹಲ್ಲಿಗೆ ಸೇರಿಸಿ, ಜೊತೆಗೇ ದಪ್ಪ ಕೇಬಲ್ಲಿನ ದಾರಿ ತೆರೆಯುತ್ತೆ. ಆಗ ಹರಿಯೋದು ನೂರಾರು ಆಂಪೇರ್. ಕಿವಿಗೊಟ್ಟು ಕೇಳಿದರೆ ರೋಗ ಅಲ್ಲೇ ಗೊತ್ತಾಗುತ್ತೆ. 'ಟಕಟಕಟಕ' ಅಂತ ಬಡಿದರೆ ಬ್ಯಾಟರಿ ಇಳಿದಿದೆ. ಸೊಲೆನಾಯ್ಡ್ ಹಿಡೀತದೆ, ವೋಲ್ಟ್ ಬೀಳ್ತದೆ, ಬಿಡ್ತದೆ, ಮತ್ತೆ ಹಿಡೀತದೆ. ಒಂದೇ 'ಟಕ್' ಅಂದರೆ ಕೇಬಲ್, ಟರ್ಮಿನಲ್, ಸೊಲೆನಾಯ್ಡಿನ ಒಳಬಿಲ್ಲೆ, ಮೋಟರಿನ ಕಾರ್ಬನ್, ಇವನ್ನ ನೋಡಬೇಕು. ಸದ್ದೇ ಇಲ್ಲದಿದ್ದರೆ ಕೀ, ಸಣ್ಣ ವೈರು, ಇಲ್ಲಾ ಕ್ಲಚ್ ಕೆಳಗಿನ ಸೇಫ್ಟಿ ಸ್ವಿಚ್ಚು. ಮೋಟರ್ 'ಗರ್‍ರ್' ಅಂತ ತಿರುಗಿ ಇಂಜಿನ್ ತಿರುಗದಿದ್ದರೆ ಹಲ್ಲುಗಾಲಿ ಕೂರ್ತಿಲ್ಲ.

300 ಆಂಪೇರ್ ಹರಿಯುವ ಕಡೆ ಒಂದು ಓಮ್‌ನ ನೂರನೇ ಒಂದು ಪಾಲು ಅಡ್ಡಿ ಇದ್ದರೂ 3 ವೋಲ್ಟ್ ಅಲ್ಲೇ ಹೋಯ್ತು. ನಮ್ಮ ಪಕ್ಕದ ಹೊಲದವರಿಗೆ ಪೇಟೆಯ ಒಂದು ಅಂಗಡಿಯವರು ಒಂದೂವರೆ ವರ್ಷದೊಳಗೆ ಎರಡು ಬ್ಯಾಟರಿ ಮಾರಿದರು. ಸೆಲ್ಫ್ ಮಾತ್ರ ಅದೇ ರಾಗ. ಕೊನೆಗೆ ನೋಡಿದರೆ ಅರ್ಥ್ ಪಟ್ಟಿ ಛಾಸಿಗೆ ಕೂರುವ ಬೋಲ್ಟಿನಡಿ ತುಕ್ಕು. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಅದೇ ಬ್ಯಾಟರಿ ಈಗಲೂ ಓಡ್ತಿದೆ. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಬಿಸಿ ನೀರು, ಅಡುಗೆ ಸೋಡಾ ಸಾಕು; ಒಣಗಿಸಿ ಬಿಗಿ ಮಾಡಿ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಅರ್ಥ್ ಕಡೆ ಮೊದಲು, ಹಾಕುವಾಗ ಅದು ಕೊನೆಗೆ. ಆಗ ಪಾನಾ ಬಾಡಿಗೆ ತಗುಲಿದರೂ ಕಿಡಿ ಹಾರಲ್ಲ.

ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ.

ಚಾರ್ಜಿಂಗ್

ಆಲ್ಟರ್ನೇಟರ್ ಅಂದರೆ ಫ್ಯಾನ್ ಬೆಲ್ಟಿನಿಂದ ತಿರುಗುವ ಒಂದು ಅಯಸ್ಕಾಂತ, ಸುತ್ತ ತಾಮ್ರದ ಸುರುಳಿ. ಹುಟ್ಟುವ ಎ.ಸಿ. ಕರೆಂಟನ್ನು ಡಯೋಡುಗಳು ಡಿ.ಸಿ. ಮಾಡ್ತವೆ, ರೆಗ್ಯುಲೇಟರ್ 14 ವೋಲ್ಟ್ ಆಸುಪಾಸಿಗೆ ಹಿಡಿದಿಡುತ್ತೆ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ. ನಮ್ಮ ಸಾದಾ ಟ್ರ್ಯಾಕ್ಟರ್ ಒಮ್ಮೆ ಎದ್ದರೆ ಬ್ಯಾಟರಿ ಸತ್ತರೂ ಓಡ್ತಾ ಇರುತ್ತೆ. ಅದೇ ಮೋಸ! ಚಾರ್ಜಿಂಗ್ ನಿಂತದ್ದು ಹೊಲದಲ್ಲಿ ಗೊತ್ತೇ ಆಗಲ್ಲ, ಗೊತ್ತಾಗೋದು ಕೆಲವು ದಿನ ಬಿಟ್ಟು, ಹದದ ಬೆಳಿಗ್ಗೆ. ಅದಕ್ಕೇ ಡ್ಯಾಶಿನ ಕೆಂಪು ದೀಪ ನೋಡುವ ಅಭ್ಯಾಸ ಬೇಕು. ಕೀ ಹಾಕಿದಾಗ ಹತ್ತಬೇಕು, ಇಂಜಿನ್ ಎದ್ದ ಮೇಲೆ ಆರಬೇಕು. ಕೀ ಹಾಕಿದಾಗಲೇ ಹತ್ತದಿದ್ದರೆ ಬಲ್ಬ್ ಸುಟ್ಟಿರಬಹುದು, ಕೂಡಲೇ ಹಾಕಿಸಿ. ಎಷ್ಟೋ ಆಲ್ಟರ್ನೇಟರ್‌ಗಳು ಕೆಲಸ ಶುರು ಮಾಡೋದೇ ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದ.

ಸ್ವಲ್ಪ ಲೆಕ್ಕ. 300 ಆಂಪೇರಿನಲ್ಲಿ 5 ಸೆಕೆಂಡ್ ಸೆಲ್ಫ್ ಹೊಡೆದರೆ ಖರ್ಚು ಅರ್ಧ ಆಂಪೇರ್-ಅವರ್ ಕೂಡ ಇಲ್ಲ. ಆದರೆ 55 ವ್ಯಾಟಿನ ಎರಡು ಹೆಡ್‌ಲೈಟ್ ಆರಿಸದೆ ಮಲಗಿದರೆ ಗಂಟೆಗೆ 9 ಆಂಪೇರ್-ಅವರ್. ಎಂಟು ಗಂಟೆಯಲ್ಲಿ 72. ನಿಮ್ಮದು 88ರ ಬ್ಯಾಟರಿಯಾದರೆ ಉಳಿದದ್ದೆಷ್ಟು? ಅದನ್ನು ಹತ್ತು ನಿಮಿಷ ಇಂಜಿನ್ ಓಡಿಸಿ ತುಂಬುವುದು ಆಗದ ಮಾತು. ಚಾರ್ಜರಿನಲ್ಲಿ 8–9 ಆಂಪೇರಿಗಿಟ್ಟು ರಾತ್ರಿಯಿಡೀ ಬಿಡಬೇಕು.

ಮೀಟರ್ ಹಿಡಿದು

ಡಿ.ಎ.ಪಿ. ಚೀಲದ ಅರ್ಧ ದುಡ್ಡಿಗೆ ಮಲ್ಟಿಮೀಟರ್ ಸಿಗುತ್ತೆ. ಇಷ್ಟು ನೋಡಿದರೆ ಸಾಕು: ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕೆ ಬಂದರೆ ಕಾಲು ಪಾಲು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ತುಂಬಿದ ಬ್ಯಾಟರಿಯೂ ಬಿದ್ದರೆ ಅದು ಮುಗಿದಿದೆ, ಇಲ್ಲಾ ಮೋಟರ್ ಜಾಮಾಗಿದೆ. ಸೆಲ್ಫ್ ಹೊಡೆಯುವಾಗಲೇ ಒಂದು ಕಡ್ಡಿ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ದಾರಿಯಲ್ಲೇ ಅಡ್ಡಿ. ಇಂಜಿನ್ ರೇಸಿನಲ್ಲಿದ್ದಾಗ ಬ್ಯಾಟರಿ ಮೇಲೆ 13.8ರಿಂದ 14.4 ಬರಬೇಕು. 12.6ರಲ್ಲೇ ನಿಂತರೆ ಮೊದಲು ಬೆಲ್ಟ್ ಒತ್ತಿ ನೋಡಿ, ಹೆಬ್ಬೆಟ್ಟಿಗೆ ಅರ್ಧ ಇಂಚು ತಗ್ಗಿದರೆ ಸರಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ನೀರು ಪದೇ ಪದೇ ಇಂಗುತ್ತೆ.

ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ನೋಡುವ ಚಾಳಿ ಕೆಲ ಮೆಕ್ಯಾನಿಕ್‌ಗಳಿಗಿದೆ. ಡೈನಮೋ ಕಾಲದ ಪಾಠ ಅದು. ಆಲ್ಟರ್ನೇಟರ್ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟ್ ಏಕಾಏಕಿ ಏರಿ ಡಯೋಡ್ ಸುಡುತ್ತೆ. ಬಿಡಬೇಡಿ.

ಇನ್ನು, ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಬೋಲ್ಟ್ ಮುಟ್ಟಿಸಿ ಸ್ಟಾರ್ಟ್ ಮಾಡೋದು. ಕೀ, ಸೇಫ್ಟಿ ಸ್ವಿಚ್ ಎರಡನ್ನೂ ದಾಟಿ ಕರೆಂಟು ಹೋಗುತ್ತೆ. ಗಾಡಿ ಗೇರಿನಲ್ಲಿದ್ದರೆ ಎದ್ದ ಕೂಡಲೇ ಮುಂದಕ್ಕೆ ಹಾರುತ್ತೆ, ನೀವು ನಿಂತಿರೋದು ದೊಡ್ಡ ಗಾಲಿಯ ಮುಂದೆ. ಹದ ಹೋದರೆ ಇನ್ನೊಂದು ಮಳೆಗೆ ಕಾಯಬಹುದು. ಮನೆಯಲ್ಲಿ ಹುಡುಗರು ಟ್ರ್ಯಾಕ್ಟರ್ ಮುಟ್ಟುವವರಿದ್ದರೆ ಇದೊಂದನ್ನ ಓದಿ ಹೇಳಿ.